ಕೊನೆಯ ಅಂಕಿ ಒಂಬತ್ತು

ಹಂಗೇರಿಯ ಪೂರ್ವದಂಚು, ಜಾಹೋನಿಯ ಯಾರ್ಡು.
ಸೋವಿಯತ್ ಕಡೆಯಿಂದ ಬಂದ ಹಳಿ ಇಲ್ಲಿ ಮುಗಿದು
ಎಂಟೂವರೆ ಸೆಂಟಿಮೀಟರ್ ಕಿರಿದಾದದ್ದು ಮುಂದೆ ಹೋಗುತ್ತದೆ.
ಆ ಎಂಟೂವರೆಗಾಗಿ ರಾತ್ರಿಯಿಡೀ
ಅದಿರು, ಗೊಬ್ಬರ, ಮರದ ದಿಮ್ಮಿ
ಒಂದು ಬೋಗಿಯಿಂದ ಇನ್ನೊಂದಕ್ಕೆ.

ಎಟೆಲ್ಕಾಳ ಕೆಲಸ ನಂಬರು ಬರೆಯುವುದು.
ಲಾಟೀನು ಎತ್ತಿ ಬೋಗಿಯ ಪಕ್ಕೆ ಓದಿ
ಎಂಟು ಅಂಕಿ, ಮತ್ತೆ ಎಂಟು ಅಂಕಿ.
ಎರಡರಿಂದ ಶುರುವಾದರೆ ಮುಚ್ಚಿದ ಬೋಗಿ.
ಡಿಸೆಂಬರಿನ ಒಂದು ರಾತ್ರಿ, ಯಾಕೋ,
ಅಂಥದೊಂದನ್ನು ಅಂಗೈ ಮೇಲೆ ಗೀಚಿ ಮನೆಗೆ ತಂದಳು:
24651859.

ನಾವಾದರೆ ಎರಡು ಕೋಟಿ, ನಲವತ್ತಾರು ಲಕ್ಷ
ಎಂದು ನಡುವೆ ಉಸಿರು ಬಿಡುತ್ತೇವೆ.
ಅವಳ ಭಾಷೆಯಲ್ಲಿ ಅದೊಂದು ಗೂಡ್ಸ್ ಗಾಡಿ,
ಮೂರು ಉದ್ದನೆಯ ಪದ, ನಡುವೆ
ಅಡ್ಡಗೆರೆಯ ಎರಡು ಕೊಂಡಿ.

ಬೆಸ. ಅದು ನೋಡಿದ ಕೂಡಲೇ ಗೊತ್ತು.
ಅಂಕಿಗಳ ಮೊತ್ತ ನಲವತ್ತು, ಮೂರಕ್ಕೆ ದಕ್ಕದು.
ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುತ್ತದೆ;
ಅಂಥದ್ದು ಎರಡು ವರ್ಗಗಳ ಮೊತ್ತ ಆಗಲಾರದು,
ಹುಡುಕಲೇ ಬೇಡ.
ವರ್ಗಮೂಲ ನಾಲ್ಕು ಸಾವಿರದ ಒಂಬೈನೂರ ಅರವತ್ತೈದು,
ಮೇಲೊಂದು ಕೂದಲೆಳೆ.
ಅಲ್ಲಿವರೆಗಿನ ಅವಿಭಾಜ್ಯಗಳಲ್ಲಿ ಒಂದೂ ಒಪ್ಪದಿದ್ದರೆ
ಇದೂ ಆ ಒಂಟಿಗಳ ಕುಲ.

ಸರಕು ಚೀಟಿಗಳ ಹಿಂಬದಿ ತುಂಬಿತು.
ಹದಿಮೂರು, ಇಲ್ಲ. ನಲವತ್ತಮೂರು, ಇಲ್ಲ.
ಫೆಬ್ರವರಿಗೆ ಎರಡು ಸಾವಿರ ದಾಟಿದಳು,
ಅದು ಜಪ್ಪಯ್ಯ ಅನ್ನಲಿಲ್ಲ.
ಅಕ್ಕ ಪಿರೋಷ್ಕಾ ಕೇಳಿದಳು: ಇದರಿಂದ ಏನು ಬರುತ್ತೆ?
ಶೇಷ ಬರುತ್ತೆ, ಅಂದಳು.

ಐನೂರ ಐವತ್ತಮೂರು ಅವಿಭಾಜ್ಯಗಳು
ಒಂದೊಂದು ಚೂರು ಉಳಿಸಿ ಎದ್ದು ಹೋದವು.
ಐನೂರ ಐವತ್ತನಾಲ್ಕನೆಯದು ನಾಲ್ಕು ಸಾವಿರದ ಹದಿಮೂರು.
ಮಾರ್ಚಿಯ ಬೆಳಗಿನ ಜಾವ, ಮೇಲೆ
ಆರು ಸಾವಿರದ ನೂರ ನಲವತ್ತಮೂರು,
ಕೆಳಗೆ ಸೊನ್ನೆ.
ಒಲೆಯ ಮೇಲಿನ ಆಲೂಗಡ್ಡೆ ಸೀದದ್ದು
ಇಬ್ಬರಿಗೂ ಗೊತ್ತಾಗಲಿಲ್ಲ.

ಅಷ್ಟು ದೂರ ನಡೆಯಬೇಕಿರಲಿಲ್ಲ, ಆಮೇಲೆ ತಿಳಿಯಿತು.
ಮೊತ್ತಕ್ಕೆ ಒಗ್ಗದ್ದು ವ್ಯತ್ಯಾಸಕ್ಕೆ ಒಗ್ಗುತ್ತಿತ್ತು:
ಐದು ಸಾವಿರದ ಎಪ್ಪತ್ತೆಂಟರ ವರ್ಗದಿಂದ
ಸಾವಿರದ ಅರವತ್ತೈದರ ವರ್ಗ ಕಳೆದರೆ ಇದೇ.
ನೂರ ಹದಿಮೂರು ಹೆಜ್ಜೆಯ ಒಳದಾರಿ.

ಗ್ರಂಥಾಲಯದ ಪುಸ್ತಕ ಇದನ್ನು
ಕೊರತೆಯ ಸಂಖ್ಯೆ ಎನ್ನುವ ಸಾಲಿಗೆ ಸೇರಿಸುತ್ತದೆ.
ತನ್ನನ್ನು ಬಿಟ್ಟು, ಒಂದನ್ನೂ ಹಿಡಿದು, ಭಾಜಕಗಳ ಮೊತ್ತ
ಹತ್ತು ಸಾವಿರದ ನೂರ ಐವತ್ತೇಳು.
ಎರಡೂವರೆ ಕೋಟಿಯ ಮೈಗೆ ಇಷ್ಟೇ ಒಡಲು.
ಆ ಹೆಸರು ಎಟೆಲ್ಕಾಗೆ ಹಿಡಿಸಲಿಲ್ಲ.
ಇಬ್ಬರೇ ಇರುವ ಮನೆಗೆ
ಯಾರಾದರೂ ಕೊರತೆ ಅನ್ನುತ್ತಾರಾ?
ಪಿರೋಷ್ಕಾ ಕರಿ ಬಾಣಲೆ ಉಜ್ಜುತ್ತಿದ್ದಳು, ತಿರುಗಲಿಲ್ಲ.

ಏಪ್ರಿಲಿನಲ್ಲಿ ಗಡಿಯಾಚೆಯ ಚೋಪ್‌ನಿಂದ
ಓನುಫ್ರಿ ಬಂದ, ಅವನದೂ ನಂಬರಿನ ಕೆಲಸ.
ಚೀಟಿ ನೋಡಿ ಹುಬ್ಬೇರಿಸಿದ: ಇಂಥ ಬೋಗಿ ಇಲ್ಲ.
ಕೊನೆಯ ಅಂಕಿ ಕಾವಲಿನದು, ಕಣಮ್ಮ.
ಮೊದಲ ಏಳರಲ್ಲಿ ಒಂದು ಬಿಟ್ಟೊಂದನ್ನು ದುಪ್ಪಟ್ಟು ಮಾಡು,
ಬಂದ ಅಂಕಿಯನ್ನೆಲ್ಲ ಕೂಡು. ಇಪ್ಪತ್ತೇಳು.
ಮೂವತ್ತು ತುಂಬಲು ಮೂರು ಬೇಕು,
ನಿನ್ನ ಒಂಬತ್ತು ಎಲ್ಲಿಂದ ಬಂತು?

ಹಿಮದಿಂದ ಬಂತು.
ಮೂರರ ಮೇಲಿನ ಬಾಯಿಯನ್ನು
ಆ ರಾತ್ರಿ ಅದು ಮೆತ್ತಿ ಮುಚ್ಚಿತ್ತು.

ಹಾಗಾದರೆ ಚಳಿಗಾಲವಿಡೀ ಒಡೆದದ್ದು
ಯಾವ ಹಳಿಯ ಮೇಲೂ ಉರುಳದ ಸಂಖ್ಯೆ.
ಅದಕ್ಕೇನೂ ಅನಿಸಿರಲಾರದು. ಬಣ್ಣ ಬಳಿಯುವ ಮೊದಲೂ,
ಕಬ್ಬಿಣ ಇನ್ನೂ ಮಣ್ಣಾಗಿದ್ದಾಗಲೂ
ಅದರೊಳಗೆ ಇದ್ದದ್ದು ಆ ಇಬ್ಬರೇ.

ಓನುಫ್ರಿ ಚಹಾ ಮುಗಿಸುವಷ್ಟರಲ್ಲಿ
ಇನ್ನೊಂದು ಚೀಟಿ ಮಗುಚಿದಳು: 24651853.
ಮೂರರಿಂದ, ಒಂದು ಉಳಿಯಿತು.
ಏಳರಿಂದ, ಎರಡು.
ಹನ್ನೊಂದರಿಂದ, ಆರು.
ಹೊರಗೆ ಗಾಡಿ ಬಂದ ಸದ್ದು. ಲಾಟೀನು ತಗೊಂಡಳು,
ಕೈಗವಸಿನಿಂದ ಒರೆಸಲು ಒಂದು ಬಟ್ಟೆಯನ್ನೂ.